ಹದವಾದ ಕಾವು

ಚಳಿಯೆಂಬುದು ನಮಗೆ ಒಂದು ಋತು. ಇಂಗ್ಲೆಂಡಿನ ಸಂಸಾರಸ್ಥರಿಗೆ ಅದು ಮನೆಖರ್ಚಿನ ಒಂದು ಬಾಬು. ನಮ್ಮಲ್ಲಿ ಮಾಗಿಯ ಮುಂಜಾವಿನಲ್ಲಿ ಕಂಬಳಿ ಹೊದ್ದು ಬಚ್ಚಲ ಒಲೆಯ ಮುಂದೆ ಸ್ವಲ್ಪ ಹೊತ್ತು ಕುಳಿತರೆ ಚಳಿಯ ಸಮಾಚಾರ ಮುಗಿಯಿತು. ಉಳಿದದ್ದನ್ನು ಹತ್ತು ಗಂಟೆಯ ಬಿಸಿಲು ನೋಡಿಕೊಳ್ಳುತ್ತದೆ. ಅದಕ್ಕೆಂದು ಯಾರೂ ಲೆಕ್ಕದ ಪುಸ್ತಕದಲ್ಲಿ ಪುಟ ಮೀಸಲಿಡುವುದಿಲ್ಲ. ಆ ದೇಶದಲ್ಲಾದರೋ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಕಾವನ್ನು ಹಣ ಕೊಟ್ಟು ಕೊಂಡು ಮನೆಯೊಳಗೆ ತುಂಬಬೇಕು. ತುಂಬಿದ್ದು ಗೋಡೆ, ಮಾಡು, ಕಿಟಕಿಗಳ ಮೂಲಕ ಸೋರುತ್ತಲೇ ಇರುತ್ತದೆ, ಮತ್ತೆ ತುಂಬಬೇಕು. ಕಣ್ಣಿಗೆ ಕಾಣದ, ಕೈಗೆ ಸಿಗದ, ಕೂಡಿಡಲು ಬಾರದ ಈ ಸರಕಿಗೆ ಅಲ್ಲಿಯ ಜನ ತೆರುವ ಬೆಲೆ ಸಾಮಾನ್ಯವಾದುದಲ್ಲ.

ಕನ್ನಡದ ಅಧ್ಯಾಪಕನಿಗೆ ಪರದೇಶದ ಗ್ಯಾಸಿನ ಲೆಕ್ಕದ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಕಾರಣ ಉಂಟು. ಇಂದು ನಮ್ಮ ಊರುಗಳಲ್ಲಿ ಒಬ್ಬ ಮಗನೋ ಮಗಳೋ ತಂಗಿಯೋ ಸಮುದ್ರದಾಚೆ ಇರುವ ಮನೆಗಳು ವಿರಳವಲ್ಲ. ನಿವೃತ್ತರಾದ ತಂದೆತಾಯಿಗಳು ಆರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿ ಬರುವುದು ಈಗ ತೀರ್ಥಯಾತ್ರೆಯಷ್ಟೇ ವಾಡಿಕೆಯಾಗಿದೆ. ಆ ಮನೆಗಳಲ್ಲಿ ಕಾವಿನ ಲೆಕ್ಕ ತಪ್ಪಿದರೆ ಅದು ಹಣಕ್ಕೆ ಮಾತ್ರ ತಗಲುವುದಿಲ್ಲ, ದೇಹಕ್ಕೂ ತಗಲುತ್ತದೆ. ಅದರಲ್ಲಿಯೂ ಮುದುಕರ ದೇಹಕ್ಕೆ. 2022ರ ಡಿಸೆಂಬರಿನಲ್ಲಿ ಗಳಿಕೆಯ ರಜೆ ಹಾಕಿ ಲೀಡ್ಸ್ ನಗರದ ನನ್ನ ತಂಗಿಯ ಮನೆಯಲ್ಲಿ ಐದು ವಾರ ಕಳೆದಾಗ ನಾನು ಇದನ್ನು ಹತ್ತಿರದಿಂದ ನೋಡಿದೆ. ನಮ್ಮ ತಾಯಿಯವರು ಸೆಪ್ಟೆಂಬರಿನಲ್ಲಿಯೇ ಅಲ್ಲಿಗೆ ಹೋಗಿದ್ದರು. ಅವರನ್ನು ಊರಿಗೆ ಕರೆತರುವುದು ನನ್ನ ಪ್ರಯಾಣದ ಉದ್ದೇಶ.

ಮೊದಲು ಆ ದೇಶದ ಮನೆಗಳು ಹೇಗೆ ಬೆಚ್ಚಗಾದವೆಂಬುದನ್ನು ಸಂಗ್ರಹವಾಗಿ ಹೇಳಬೇಕು. ಎರಡು ತಲೆಮಾರುಗಳ ಹಿಂದೆ ಇಂಗ್ಲೆಂಡಿನ ಸಾಮಾನ್ಯರ ಮನೆಯಲ್ಲಿ ಬೆಚ್ಚಗಿರುತ್ತಿದ್ದುದು ಒಂದೇ ಕೋಣೆ. ಅದರಲ್ಲಿ ಅಗ್ಗಿಷ್ಟಿಕೆ, ಅದರೊಳಗೆ ಕಲ್ಲಿದ್ದಲು. ಮಲಗುವ ಕೋಣೆಯ ಕಿಟಕಿಯ ಗಾಜಿನ ಒಳಮೈಯಲ್ಲಿ ಹಿಮದ ಹೂ ಮೂಡುತ್ತಿತ್ತೆಂದು ಅಲ್ಲಿಯ ಹಿರಿಯರು ಈಗಲೂ ನೆನೆಯುತ್ತಾರೆ. ಲಕ್ಷಾಂತರ ಚಿಮಣಿಗಳ ಹೊಗೆ ಚಳಿಗಾಲದ ಮಂಜಿನೊಡನೆ ಕಲೆತು 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ನಗರವನ್ನು ಮುಸುಕಿತು. ಆ ಹೊಗೆಮಂಜಿಗೆ ನಾಲ್ಕು ಸಾವಿರ ಮಂದಿ ಬಲಿಯಾದರೆಂದು ಆಗಿನ ಲೆಕ್ಕ. ಹನ್ನೆರಡು ಸಾವಿರವಿರಬಹುದೆಂದು ಈಚಿನ ಅಂದಾಜು. ಅದರ ಫಲವಾಗಿ 1956ರಲ್ಲಿ ಶುದ್ಧ ವಾಯು ಕಾಯಿದೆ ಬಂತು. 1965ರಲ್ಲಿ ಉತ್ತರ ಸಮುದ್ರದ ತಳದಲ್ಲಿ ನೈಸರ್ಗಿಕ ಅನಿಲ ಸಿಕ್ಕಿತು. ಅದುವರೆಗೆ ಕಲ್ಲಿದ್ದಲಿನಿಂದ ತಯಾರಿಸಿದ ಗ್ಯಾಸು ಉರಿಯುತ್ತಿದ್ದ ಒಲೆಗಳನ್ನೆಲ್ಲ 1967ರಿಂದ 1977ರವರೆಗೆ ಹತ್ತು ವರ್ಷ ಮನೆಮನೆಗೆ ಹೋಗಿ ಹೊಸ ಅನಿಲಕ್ಕೆ ಹೊಂದಿಸಿದರು. ಹೊಸ ಗ್ಯಾಸು ಅಗ್ಗವಾಗಿತ್ತು, ಹೊಗೆಯಿರಲಿಲ್ಲ. 1970ರ ಸುಮಾರಿಗೆ ಹೆಚ್ಚಿನ ಮನೆಗಳಲ್ಲಿ ಇರದಿದ್ದ ಕೇಂದ್ರ ತಾಪನ ವ್ಯವಸ್ಥೆ, ಎಂದರೆ ಅವರು ಸೆಂಟ್ರಲ್ ಹೀಟಿಂಗ್ ಎಂದು ಕರೆಯುವುದು, ಇಂದು ನೂರಕ್ಕೆ ತೊಂಬತ್ತಕ್ಕೂ ಮಿಕ್ಕ ಮನೆಗಳಲ್ಲಿ ಇದೆ. ಅವುಗಳಲ್ಲಿ ಬಹುಪಾಲು ಗ್ಯಾಸಿನಿಂದಲೇ ನಡೆಯುತ್ತವೆ.

ವ್ಯವಸ್ಥೆಯನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ನಮ್ಮ ಬಚ್ಚಲ ಹಂಡೆಯನ್ನು ನೆನೆದುಕೊಂಡರೆ ಸಾಕು. ಹಂಡೆಯ ಬದಲು ಅಡಿಗೆಮನೆಯ ಗೋಡೆಯ ಮೇಲೆ ಒಂದು ಬಿಳಿಯ ಪೆಟ್ಟಿಗೆ, ಅದು ಬಾಯ್ಲರ್. ಸೌದೆಯ ಬದಲು ನೆಲದಡಿಯ ಕೊಳವೆಯಲ್ಲಿ ಬರುವ ಗ್ಯಾಸು. ಕಾದ ನೀರನ್ನು ಪಂಪು ಕೊಳವೆಗಳೊಳಗೆ ನೂಕುತ್ತದೆ. ನೀರು ಪ್ರತಿಯೊಂದು ಕೋಣೆಯ ಗೋಡೆಗೆ ಒರಗಿದ ಕಬ್ಬಿಣದ ಹಲಗೆಗಳಲ್ಲಿ, ಎಂದರೆ ರೇಡಿಯೇಟರುಗಳಲ್ಲಿ ಹರಿದು, ಕೋಣೆಗೆ ತನ್ನ ಬಿಸಿಯನ್ನು ಕೊಟ್ಟು, ತಣಿದು ಬಾಯ್ಲರಿಗೆ ಮರಳುತ್ತದೆ. ಅದೇ ನೀರು ಮತ್ತೆ ಕಾದು ಮತ್ತೆ ಹೊರಡುತ್ತದೆ. ನಮ್ಮ ಹಂಡೆಯ ನೀರು ಮೈಮೇಲೆ ಬಿದ್ದು ಹರಿದುಹೋಗುವುದು. ಈ ನೀರು ತಿರುಗಾಡುತ್ತಲೇ ಇರುವುದು. ಭೇದ ಇಷ್ಟೇ.

ಇಷ್ಟು ಸುಖದ ವ್ಯವಸ್ಥೆಯೂ 2022ರಲ್ಲಿ ಅಲ್ಲಿಯವರಿಗೆ ಭಯದ ವಸ್ತುವಾಯಿತು. 2021ರ ಹೊತ್ತಿಗೇ ಏರತೊಡಗಿದ್ದ ಅನಿಲದ ಬೆಲೆ, 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿದ ಮೇಲೆ ಕೈಮೀರಿತು. ಬ್ರಿಟನ್ನಿನಲ್ಲಿ ಆಫ್‌ಜೆಮ್ ಎಂಬ ನಿಯಂತ್ರಣ ಸಂಸ್ಥೆ ದರದ ಮಿತಿಯನ್ನು ಗೊತ್ತುಪಡಿಸುತ್ತದೆ. ಸಾಧಾರಣ ಸಂಸಾರವೊಂದಕ್ಕೆ ಗ್ಯಾಸು ವಿದ್ಯುತ್ತು ಎರಡೂ ಸೇರಿ ವರ್ಷಕ್ಕೆ ಆಗುವ ಖರ್ಚು, ಆ ಮಿತಿಯ ಪ್ರಕಾರ, 2021ರ ಅಕ್ಟೋಬರಿನಲ್ಲಿ 1,277 ಪೌಂಡು, 2022ರ ಏಪ್ರಿಲಿನಲ್ಲಿ 1,971, ಅಕ್ಟೋಬರಿನಲ್ಲಿ 3,549. ಈ ಕೊನೆಯ ಅಂಕಿಯನ್ನು ಜನ ಹೊರಲಾರರೆಂದು ಸರ್ಕಾರವೇ ನಡುವೆ ಬಂದು ಅದನ್ನು ಸುಮಾರು 2,500 ಪೌಂಡಿಗೆ ನಿಲ್ಲಿಸಿತು. 2023ರ ಜುಲೈ ಹೊತ್ತಿಗೆ ಮಿತಿ 2,074ಕ್ಕೆ ಇಳಿಯಿತಾದರೂ ಹಳೆಯ ದಿನಗಳ ಅಗ್ಗ ಮರಳಲಿಲ್ಲ.

ನಾನು ಲೀಡ್ಸಿಗೆ ಹೋದದ್ದು ಈ ಬಿಸಿಯ ನಡುವಿನ ಚಳಿಗಾಲದಲ್ಲಿ. ಆ ಡಿಸೆಂಬರಿನ ಎರಡನೆಯ ವಾರ ಇಡೀ ದೇಶ ಹೆಪ್ಪುಗಟ್ಟಿತ್ತು. ತಂಗಿಯ ಮನೆ ಸಾಲುಮನೆಗಳಲ್ಲೊಂದು. ಕೆಂಪು ಇಟ್ಟಿಗೆಯದು, ನೂರು ವರ್ಷಕ್ಕೂ ಹಿಂದಿನದು. ಅಡಿಗೆಮನೆಯ ಕಟ್ಟೆಯ ಮೇಲೆ ಅಂಗೈಯಗಲದ ಒಂದು ಯಂತ್ರವಿತ್ತು. ಮೀಟರಿನೊಡನೆ ಸಂಬಂಧವಿಟ್ಟುಕೊಂಡು, ಈ ದಿನ ಇಷ್ಟು ಹೊತ್ತಿಗೆ ಇಷ್ಟು ಹಣ ಖರ್ಚಾಯಿತೆಂದು ಅದು ತೋರಿಸುತ್ತಿರುತ್ತದೆ. ನಮ್ಮ ತಾಯಿಯವರಿಗೆ ಇಂಗ್ಲಿಷು ಬಾರದು, ಅಂಕಿ ಬರುತ್ತದೆ. ಆಗ ಒಂದು ಪೌಂಡಿಗೆ ಸುಮಾರು ನೂರು ರೂಪಾಯಿ. ಎರಡು ಸೊನ್ನೆ ಸೇರಿಸಿದರೆ ರೂಪಾಯಿಯ ಲೆಕ್ಕ ಸಿದ್ಧ. ಬೆಳಿಗ್ಗೆ ಎದ್ದು ನೋಡಿದರೆ, ಯಾರೂ ಒಲೆ ಹಚ್ಚುವ ಮೊದಲೇ, ಯಂತ್ರ ಮುಕ್ಕಾಲು ಪೌಂಡಿನಷ್ಟು ತೋರಿಸುತ್ತಿತ್ತು. ಅದು ಬಳಸಿದರೂ ಬಳಸದಿದ್ದರೂ ದಿನಕ್ಕೆ ಕೊಡಬೇಕಾದ ನಿಗದಿಯ ಬಾಡಿಗೆ. "ಮಲಗಿದ್ದವರಿಗೂ ದುಡ್ಡು ಬೀಳ್ತದಲ್ಲೋ!" ಎಂದು ಅವರು ನನ್ನೆದುರು ಬೆರಗಾದರು.

ಬೆರಗು ಅಲ್ಲಿಗೆ ನಿಲ್ಲಲಿಲ್ಲ. ಮಗಳೂ ಅಳಿಯನೂ ಕೆಲಸಕ್ಕೆ ಹೊರಟೊಡನೆ ಅವರು ಹಜಾರದ ಗೋಡೆಯ ಗುಂಡಿಯನ್ನು ತಿರುಗಿಸಿ ಕಾವನ್ನು ನಿಲ್ಲಿಸಿಬಿಡುತ್ತಿದ್ದರು. ಎರಡು ಸ್ವೆಟರು, ಒಂದು ಶಾಲು, ಮಂಕಿ ಟೋಪಿ, ಕಾಲಿಗೆ ಉಣ್ಣೆಯ ಚೀಲ; ಇಷ್ಟನ್ನೂ ಧರಿಸಿ ಸಂಜೆಯವರೆಗೆ ಕಿಟಕಿಯ ಬಳಿ ಕುಳಿತಿರುತ್ತಿದ್ದರು. ಮಗಳು ಬರುವ ಹೊತ್ತಿಗೆ ಮತ್ತೆ ಹಚ್ಚುತ್ತಿದ್ದರು. ನಾನು ಹೋದ ಮೂರನೆಯ ದಿನ ಮಧ್ಯಾಹ್ನ ಅವರ ಕೋಣೆಯ ಉಷ್ಣಮಾಪಕ 14 ಡಿಗ್ರಿ ತೋರಿಸುತ್ತಿತ್ತು. ತಂಗಿಗೆ ವಿಷಯ ತಿಳಿದು, "ಅಮ್ಮಾ, ನಿನ್ನನ್ನು ಚಳಿಯಲ್ಲಿ ಕೂರಿಸಿ ಉಳಿಸುವ ಹಣ ನನಗೆ ಬೇಡ" ಎಂದು ಕಣ್ಣು ತುಂಬಿಕೊಂಡಳು. ತಾಯಿಯವರು, "ತಾಳಿದವನು ಬಾಳಿಯಾನು ಕಣೇ. ನಿಮ್ಮ ಮನೆ ಸಾಲ ತೀರೋದು ಬೇಡ್ವೇ?" ಎಂದರು.

ಗಾದೆ ದೊಡ್ಡದು, ನಿಜ. ಆದರೆ ಚಳಿಯ ಮುಂದೆ ಅದು ನಡೆಯುವುದಿಲ್ಲ. ಮನೆಯೊಳಗಿನ ಉಷ್ಣತೆ 18 ಡಿಗ್ರಿಗಿಂತ ಕಡಿಮೆಯಾಗಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ಮಾರ್ಗದರ್ಶನ ಹೇಳುತ್ತದೆ. ಮುದುಕರಿಗೂ ಮಕ್ಕಳಿಗೂ ರೋಗಿಗಳಿಗೂ ಇನ್ನೂ ಸ್ವಲ್ಪ ಹೆಚ್ಚು ಬೇಕಾಗಬಹುದು. ಚಳಿಗೆ ರಕ್ತನಾಳಗಳು ಕುಗ್ಗುತ್ತವೆ, ರಕ್ತದ ಒತ್ತಡ ಏರುತ್ತದೆ, ಶ್ವಾಸಕೋಶದ ಸೋಂಕಿಗೆ ದಾರಿಯಾಗುತ್ತದೆ. ವಯಸ್ಸಾದವರಿಗೆ ತಮಗೆ ಎಷ್ಟು ಚಳಿಯಾಗುತ್ತಿದೆಯೆಂಬ ಅರಿವೂ ಮಂದವಾಗಿರುತ್ತದೆ. ಆದ್ದರಿಂದ "ನನಗೇನೂ ಚಳಿಯಿಲ್ಲ" ಎಂಬ ಅವರ ಮಾತನ್ನು ಪ್ರಮಾಣವೆಂದು ಒಪ್ಪಲಾಗದು; ಉಷ್ಣಮಾಪಕವನ್ನೇ ಕೇಳಬೇಕು.

ಹಾಗಾದರೆ ಉಳಿತಾಯದ ಮಾತೇ ಬೇಡವೆ? ಬೇಕು. ತಿಂಗಳ ಕೊನೆಗೆ ಬಿಲ್ಲು ತೆರುವವರ ಸಂಕಟವೂ ಸಂಕಟವೇ. ನಾನು ಅಲ್ಲಿ ಕಂಡುಕೊಂಡದ್ದೇನೆಂದರೆ, ಉಳಿತಾಯಕ್ಕೆ ಎರಡು ದಾರಿಗಳುಂಟು. ಒಂದು, ದೇಹಕ್ಕೆ ಸಲ್ಲಬೇಕಾದ ಕಾವನ್ನು ಕಡಿಯುವುದು; ಇನ್ನೊಂದು, ದೇಹವನ್ನು ಮುಟ್ಟದೆಯೇ ಪೋಲಾಗುವ ಕಾವನ್ನು ತಡೆಯುವುದು. ಮೊದಲನೆಯದು ಎಲ್ಲರಿಗೂ ಹೊಳೆಯುತ್ತದೆ, ಏಕೆಂದರೆ ಅದಕ್ಕೆ ಗುಂಡಿ ತಿರುಗಿಸಿದರೆ ಸಾಕು. ಎರಡನೆಯದಕ್ಕೆ ಯಂತ್ರದ ಸ್ವಭಾವವನ್ನು ಅರಿಯಬೇಕು. ಅರಿತರೆ ಎರಡನೆಯದರಲ್ಲಿಯೇ ಹೆಚ್ಚಿನ ಲಾಭ.

ಆ ಸ್ವಭಾವದ ಗುಟ್ಟನ್ನು ತಿಳಿಯಲು ಒಬ್ಬ ಹಳೆಯ ಅಧ್ಯಾಪಕರನ್ನು ನೆನೆಯಬೇಕಾಗುತ್ತದೆ. 1760ರ ದಶಕದ ಮೊದಲಲ್ಲಿ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುತ್ತಿದ್ದ ಜೋಸೆಫ್ ಬ್ಲ್ಯಾಕ್ ಎಂಬಾತ, ಕುದಿಯುವ ನೀರಿಗೆ ಎಷ್ಟು ಉರಿ ಹಾಕಿದರೂ ಅದರ ಉಷ್ಣತೆ ಏರದೆ ನೀರು ಆವಿಯಾಗುತ್ತ ಹೋಗುವುದನ್ನು ವಿಚಾರಿಸಿ, ಹೀಗೆ ಹಾಕಿದ ಶಾಖ ನಾಶವಾಗುವುದಿಲ್ಲ, ಆವಿಯಲ್ಲಿ ಅಡಗಿರುತ್ತದೆ ಎಂದು ತೋರಿಸಿಕೊಟ್ಟ. ನಮ್ಮ ಪಠ್ಯಪುಸ್ತಕಗಳು ಅದನ್ನು ಗುಪ್ತೋಷ್ಣವೆಂದು ಕರೆದಿವೆ, ಸೊಗಸಾದ ಶಬ್ದ. ಒಂದು ಕಿಲೋಗ್ರಾಂ ಕುದಿನೀರು ಆವಿಯಾಗಲು ಸುಮಾರು 2,260 ಕಿಲೋಜೂಲ್ ಶಾಖವನ್ನು ಒಡಲಲ್ಲಿ ಬಚ್ಚಿಟ್ಟುಕೊಳ್ಳುತ್ತದೆ. ಆವಿ ಮತ್ತೆ ನೀರಾಗುವಾಗ ಅಷ್ಟನ್ನೂ ಹಿಂದಕ್ಕೆ ಕೊಡುತ್ತದೆ.

ಗ್ಯಾಸು ಉರಿದಾಗ ಇಂಗಾಲದ ಡೈಆಕ್ಸೈಡಿನ ಜೊತೆಗೆ ನೀರಾವಿಯೂ ಹುಟ್ಟುತ್ತದೆ. ಗ್ಯಾಸಿನ ಒಟ್ಟು ಶಾಖದಲ್ಲಿ ಸುಮಾರು ಹತ್ತನೆಯ ಒಂದು ಪಾಲು ಈ ಆವಿಯಲ್ಲಿ ಅಡಗಿರುತ್ತದೆ. ಹಳೆಯ ಬಾಯ್ಲರುಗಳಲ್ಲಿ ಅದು ಚಿಮಣಿಯ ಮೂಲಕ ಆಕಾಶಕ್ಕೆ ಹೋಗುತ್ತಿತ್ತು. ಹೊಸ ಬಗೆಯ ಕಂಡೆನ್ಸಿಂಗ್ ಬಾಯ್ಲರುಗಳು ಆವಿಯನ್ನು ಒಳಗೇ ತಣಿಸಿ ನೀರಾಗಿಸಿ ಅದರ ಗುಪ್ತೋಷ್ಣವನ್ನು ಕಸಿದುಕೊಳ್ಳುತ್ತವೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2005ರ ಏಪ್ರಿಲಿನಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಹೊಸದಾಗಿ ಹಾಕುವ ಗ್ಯಾಸಿನ ಬಾಯ್ಲರುಗಳೆಲ್ಲ ಈ ಜಾತಿಯವೇ ಆಗಿರಬೇಕೆಂದು ಕಟ್ಟಳೆಯಾಯಿತು. ಆದರೆ ಇಲ್ಲಿ ಒಂದು ನಿಬಂಧನೆಯುಂಟು. ಆವಿ ನೀರಾಗಬೇಕಾದರೆ ಅದಕ್ಕೊಂದು ತಣ್ಣಗಿನ ಆಸರೆ ಬೇಕು. ಆ ಆಸರೆ ರೇಡಿಯೇಟರುಗಳಿಂದ ಮರಳಿ ಬರುವ ನೀರು. ಆ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಆವಿ ನೀರಾಗುತ್ತದೆ. ಬಾಯ್ಲರು ನೀರನ್ನು 75 ಅಥವಾ 80 ಡಿಗ್ರಿಗೆ ಕಾಯಿಸಿ ಕಳುಹಿಸುತ್ತಿದ್ದರೆ, ಅದು ಮರಳಿ ಬರುವಾಗಲೂ 60ರ ಸುಮಾರಿಗೆ ಇರುತ್ತದೆ. ಆಗ ಹೊಸ ಬಾಯ್ಲರು ಹಳೆಯ ಬಾಯ್ಲರಿನಂತೆಯೇ ನಡೆದುಕೊಳ್ಳುತ್ತದೆ. ಗುಪ್ತೋಷ್ಣ ಗುಪ್ತವಾಗಿಯೇ ಹೊರಟುಹೋಗುತ್ತದೆ. ಎಷ್ಟೋ ಮನೆಗಳಲ್ಲಿ ನಡೆಯುತ್ತಿರುವುದು ಇದೇ.

ನಾನೂ ನನ್ನ ತಂಗಿಯ ಗಂಡನೂ ಊಟದ ಮೇಜಿನ ಮುಂದೆ ಕುಳಿತು ಇದನ್ನೆಲ್ಲ ಚರ್ಚಿಸುತ್ತಿದ್ದಾಗ ತಾಯಿಯವರು ಬಟಾಣಿ ಬಿಡಿಸುತ್ತ ಕೇಳುತ್ತಿದ್ದರು. ಅವರಿಗೂ ತಿಳಿಯಲೆಂದು ನಾನು, ಇಡ್ಲಿ ಬೇಯುವುದು ತಳದ ನೀರು ತಗುಲಿ ಅಲ್ಲ, ಮೇಲೆದ್ದ ಹಬೆ ಹಿಟ್ಟಿಗೆ ಸೋಕಿ ನೀರಾಗುವಾಗ ಬಿಟ್ಟುಕೊಡುವ ಕಾವಿನಿಂದ ಎಂದೆ. ಅವರು ಒಂದು ಗಳಿಗೆ ಯೋಚಿಸಿ, "ಅಂದ್ರೆ ಈ ಪೆಟ್ಟಿಗೆಯಲ್ಲಿ ಇಷ್ಟು ದಿನ ಮುಚ್ಚಳ ತೆಗೆದಿಟ್ಟು ಇಡ್ಲಿ ಬೇಯಿಸಿದ ಹಾಗಾಯ್ತಲ್ಲೋ" ಎಂದರು. ಭೌತವಿಜ್ಞಾನದ ಅಧ್ಯಾಪಕರು ಈ ಉಪಮೆಯಲ್ಲಿ ಕೊರತೆ ಕಂಡಾರು. ನನಗಂತೂ ಅದಕ್ಕಿಂತ ಒಪ್ಪುವ ಮಾತು ಹೊಳೆಯಲಿಲ್ಲ. ತಂಗಿಯ ಗಂಡ ನಗುತ್ತ ಎದ್ದು, "ಬನ್ನಿ ಭಾವ, ಮುಚ್ಚಳ ಹಾಕಿಯೇ ಬಿಡೋಣ" ಎಂದು ಬಾಯ್ಲರಿನ ಬಳಿಗೆ ಹೋದರು.

ಆ ಮನೆಯದು ಕೂಡುಬಾಯ್ಲರು. ಅವರು ಕಾಂಬಿ ಎನ್ನುತ್ತಾರೆ. ರೇಡಿಯೇಟರಿನ ನೀರನ್ನೂ ನಲ್ಲಿಯ ನೀರನ್ನೂ ಅದೇ ಕಾಯಿಸುತ್ತದೆ. ಮುಂಭಾಗದಲ್ಲಿ ಎರಡು ಗುಂಡಿ: ಒಂದರ ಮೇಲೆ ರೇಡಿಯೇಟರಿನ ಚಿತ್ರ, ಇನ್ನೊಂದರ ಮೇಲೆ ನಲ್ಲಿಯ ಚಿತ್ರ. ರೇಡಿಯೇಟರಿನ ಗುಂಡಿ 75ರಲ್ಲಿತ್ತು; ಅದನ್ನು 60ಕ್ಕೆ ಇಳಿಸಿದೆವು. ಇದು ಕೋಣೆಯ ಉಷ್ಣತೆಯಲ್ಲ, ಕೊಳವೆಯಲ್ಲಿ ಹರಿಯುವ ನೀರಿನ ಉಷ್ಣತೆ ಎಂಬುದನ್ನು ಮರೆಯಬಾರದು. ಕೋಣೆ ಎಷ್ಟು ಬೆಚ್ಚಗಿರಬೇಕೆಂಬುದನ್ನು ಗೋಡೆಯ ಥರ್ಮೋಸ್ಟಾಟ್ ಬೇರೆಯಾಗಿ ನಿರ್ಧರಿಸುತ್ತದೆ. ಮರುದಿನ ರೇಡಿಯೇಟರುಗಳು ಕೈ ಸುಡುವಷ್ಟು ಬಿಸಿಯಿರಲಿಲ್ಲ; ಮನೆ ಬೆಚ್ಚಗಾಗಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಬಾಯ್ಲರು ಅರ್ಧ ಗಂಟೆ ಮುಂಚೆ ಏಳುವಂತೆ ಗಡಿಯಾರವನ್ನು ಹೊಂದಿಸಿದೆವು. ಆಮೇಲೆ ಮನೆಯ ಬಿಸುಪಿನಲ್ಲಿ ಯಾರಿಗೂ ವ್ಯತ್ಯಾಸ ಕಾಣಲಿಲ್ಲ.

ಆ ತಿಂಗಳಲ್ಲಿಯೇ ಬ್ರಿಟಿಷ್ ಸರ್ಕಾರವೂ ಪ್ರಚಾರ ನಡೆಸಿ, ಕಾಂಬಿ ಬಾಯ್ಲರುಗಳ ನೀರನ್ನು 60 ಡಿಗ್ರಿಗೆ ಇಳಿಸಿರೆಂದು ಜನರಿಗೆ ಸಲಹೆ ಕೊಟ್ಟಿತು. ಇದರಿಂದ ಗ್ಯಾಸು ಶೇಕಡಾ 6ರಿಂದ 8ರಷ್ಟು ಉಳಿಯುವುದೆಂದು ಬಲ್ಲವರ ಅಂದಾಜು. ಅಲ್ಲಿ ಸಾಧಾರಣ ಮನೆಗೆ ವರ್ಷಕ್ಕೆ 12,000 ಯೂನಿಟ್ ಗ್ಯಾಸೆಂದು ಆಗ ಲೆಕ್ಕ ಹಿಡಿಯುತ್ತಿದ್ದರು. ಶೇಕಡಾ 7 ಎಂದರೆ 840 ಯೂನಿಟ್. ಆಗಿನ ದರ ಯೂನಿಟ್ಟಿಗೆ ಸುಮಾರು 10.3 ಪೆನ್ನಿ, ಉಳಿದದ್ದು 86 ಪೌಂಡು. ತಾಯಿಯವರ ಲೆಕ್ಕದಲ್ಲಿ ಎಂಟು ಸಾವಿರದ ಆರುನೂರು ರೂಪಾಯಿ. ಯಾರೂ ಚಳಿಯಲ್ಲಿ ಕೂರದೆ, ಒಂದು ಗುಂಡಿ ತಿರುಗಿಸಿದ್ದಕ್ಕೆ.

ಎಚ್ಚರದ ಮಾತುಗಳೂ ಕೆಲವುಂಟು. ಬಿಸಿನೀರನ್ನು ದೊಡ್ಡ ತೊಟ್ಟಿಯಲ್ಲಿ ಕೂಡಿಡುವ ಮನೆಗಳಲ್ಲಿ ಹೀಗೆ ಇಳಿಸಬಾರದು; ತೊಟ್ಟಿಯ ನೀರು 60 ಡಿಗ್ರಿಗೆ ಕಾಯದಿದ್ದರೆ ಲೀಜಿಯೊನೆಲ್ಲ ಎಂಬ ಅಪಾಯದ ಸೂಕ್ಷ್ಮಾಣು ಬೆಳೆಯಬಹುದು. ಬಾಯ್ಲರಿನ ಹೊರಗಿನ ಗುಂಡಿಗಳನ್ನು ಮಾತ್ರ ನಾವು ಮುಟ್ಟಬಹುದು. ಮುಚ್ಚಳ ತೆರೆಯುವ ಕೆಲಸ ಗ್ಯಾಸ್ ಸೇಫ್ ಪಟ್ಟಿಯಲ್ಲಿ ಹೆಸರಿರುವ ಕೆಲಸಗಾರರದು. ವರ್ಷಕ್ಕೊಮ್ಮೆ ಅವರಿಂದ ತಪಾಸಣೆ ಮಾಡಿಸುವುದು, ಕಾರ್ಬನ್ ಮಾನಾಕ್ಸೈಡ್ ವಿಷಾನಿಲವನ್ನು ಸಾರಿ ಹೇಳುವ ಗಂಟೆಯನ್ನು ಇಟ್ಟುಕೊಳ್ಳುವುದು, ಇವೆರಡರಲ್ಲಿ ಉಳಿತಾಯ ಕೂಡದು.

ಇನ್ನು ರೇಡಿಯೇಟರುಗಳ ವಿಚಾರ. ಪ್ರತಿಯೊಂದರ ಕಾಲಬಳಿ ಒಂದರಿಂದ ಐದರವರೆಗೆ ಅಂಕಿ ಬರೆದ ತಿರುಪೊಂದು ಇರುತ್ತದೆ. ಕೋಣೆ ಸಾಕಷ್ಟು ಬೆಚ್ಚಗಾದೊಡನೆ ಅದು ತಾನಾಗಿಯೇ ನೀರನ್ನು ತಡೆಯುತ್ತದೆ. ಯಾರೂ ಇರದ ಕೋಣೆಗೆ ಎರಡು, ತಾಯಿಯವರ ಕೋಣೆಗೆ ನಾಲ್ಕು ಎಂದು ಇಟ್ಟೆವು. ಎಲ್ಲ ಕೋಣೆಗಳಿಗೂ ಒಂದೇ ಕಾವು ಬೇಕೆಂಬ ನಿಯಮವೇನೂ ಇಲ್ಲ. ಯಾರಿಗೆ ಬೇಕೋ ಅವರಿಗೆ ಬೇಕಾದಷ್ಟು, ಬೇಕಾದ ಹೊತ್ತಿಗೆ. ಮಹಡಿಯ ಒಂದು ರೇಡಿಯೇಟರಿನ ತಲೆ ತಣ್ಣಗೆ, ಬುಡ ಬಿಸಿ ಇತ್ತು. ಒಳಗೆ ಗಾಳಿ ಸೇರಿಕೊಂಡಿದೆಯೆಂದು ಅರ್ಥ. ಕಾವನ್ನು ನಿಲ್ಲಿಸಿ ಅದು ತಣಿದ ಮೇಲೆ, ಸಣ್ಣ ಕೀಲಿಯೊಂದನ್ನು ಮೂಲೆಯ ತೂತಿಗೆ ಹಾಕಿ ಅರೆಸುತ್ತು ತಿರುಗಿಸಿದರೆ ಬುಸ್ಸೆಂದು ಗಾಳಿ ಹೊರಬಂದು, ನಾಲ್ಕು ತೊಟ್ಟು ನೀರು ಇಣುಕುತ್ತದೆ, ಆಗ ಮುಚ್ಚಬೇಕು. ರೇಡಿಯೇಟರಿನ ಮುಂದೆ ಸೋಫಾ ಒತ್ತಿದರೆ ಬೆಚ್ಚಗಾಗುವುದು ಸೋಫಾದ ಬೆನ್ನು. ಪರದೆ ಅದರ ಮೇಲೆ ಇಳಿಬಿದ್ದಿದ್ದರೆ ಬೆಚ್ಚಗಾಗುವುದು ಕಿಟಕಿಯ ಗಾಜು, ಅದರಾಚೆಯ ಬೀದಿ.

ಗೋಡೆಯ ಥರ್ಮೋಸ್ಟಾಟನ್ನು ಒಂದು ಡಿಗ್ರಿ ಇಳಿಸಿದರೆ ಬಿಲ್ಲಿನಲ್ಲಿ ಶೇಕಡಾ ಹತ್ತರಷ್ಟು ಉಳಿಯುವುದೆಂಬ ಮಾತು ಅಲ್ಲಿ ಬಹಳ ಪ್ರಸಿದ್ಧ. ಒಂದೇ ಡಿಗ್ರಿಗೆ ಇಷ್ಟೇಕೆ? ಮನೆಯಿಂದ ಸೋರುವ ಕಾವು ಒಳಗಿನ ಮತ್ತು ಹೊರಗಿನ ಉಷ್ಣತೆಗಳ ಅಂತರವನ್ನು ಅವಲಂಬಿಸಿದೆ. ಹೊರಗೆ 7, ಒಳಗೆ 20 ಎಂದಿಟ್ಟುಕೊಳ್ಳಿ; ಅಂತರ 13. ಒಂದು ಡಿಗ್ರಿ ಇಳಿಸಿದರೆ ಸೋರಿಕೆಯಲ್ಲಿ ಹದಿಮೂರನೆಯ ಒಂದು ಪಾಲು, ಎಂದರೆ ಶೇಕಡಾ ಎಂಟರ ಹತ್ತಿರ, ಇಳಿಯಿತು. 22ರಿಂದ 20ಕ್ಕೆ ಇಳಿಸುವ ಮನೆಯವರು ಈ ಲಾಭವನ್ನು ನಿಶ್ಚಿಂತೆಯಿಂದ ಪಡೆಯಬಹುದು. ಆದರೆ ಇದೇ ತರ್ಕವನ್ನು ಹಿಡಿದು 18, 16, 14 ಎಂದು ಇಳಿಯುತ್ತ ಹೋದರೆ ಮೊದಲು ಹೇಳಿದ ಅಪಾಯಕ್ಕೆ ಬಂದು ನಿಲ್ಲುತ್ತೇವೆ. ಗಣಿತಕ್ಕೆ ಎಲ್ಲಿ ನಿಲ್ಲಬೇಕೆಂಬುದು ತಿಳಿಯದು. ಅದನ್ನು ಮನುಷ್ಯನೇ ಹೇಳಿಕೊಡಬೇಕು.

ಇಷ್ಟೆಲ್ಲ ಮಾಡಿಯೂ ಮನೆಗೆ ಹೊದಿಕೆಯಿಲ್ಲದಿದ್ದರೆ ಅದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆಯೇ. ಬಿಸಿಗಾಳಿ ಮೇಲಕ್ಕೇರುತ್ತದೆ; ಮಾಡಿನ ಕೆಳಗಿನ ಅಟ್ಟದಲ್ಲಿ ಉಣ್ಣೆಯಂಥ ನಿರೋಧಕ ಹೊದಿಕೆಯನ್ನು 270 ಮಿಲಿಮೀಟರ್ ದಪ್ಪಕ್ಕೆ ಹಾಸಬೇಕೆಂದು ಅಲ್ಲಿಯ ಶಿಫಾರಸು. 1920ರಿಂದೀಚಿನ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಪದರದ ಗೋಡೆ, ನಡುವೆ ಪೊಳ್ಳು. ಆ ಪೊಳ್ಳನ್ನು ತುಂಬಿಸಬಹುದು. ತಂಗಿಯ ಮನೆಯಂಥ ಹಳೆಯ ಮನೆಗಳದು ಒಂದೇ ಪದರದ ಗಟ್ಟಿಗೋಡೆ. ಅದಕ್ಕೆ ಹೊದಿಕೆ ಹಾಕಿಸುವುದು ದುಬಾರಿ. ಆದರೆ ಸಂದುಗಳನ್ನು ಮುಚ್ಚುವುದು ಎಲ್ಲರ ಕೈಯಳವು. ಒಂದು ಸಂಜೆ ಊದಿನಕಡ್ಡಿ ಹಚ್ಚಿಕೊಂಡು ಮನೆಯನ್ನೆಲ್ಲ ಸುತ್ತಿದೆವು. ಎಲ್ಲಿ ಹೊಗೆ ಓಲಾಡಿತೋ ಅಲ್ಲಿ ಗಾಳಿಯ ಸಂದು: ಬಾಗಿಲ ಅಡಿ, ಅಂಚೆಯ ಕಿಂಡಿ, ನೆಲದ ಹಲಗೆಗಳ ನಡು, ಉಪಯೋಗಿಸದ ಅಗ್ಗಿಷ್ಟಿಕೆಯ ಬಾಯಿ. ಅಂಟುಪಟ್ಟಿ, ಕುಂಚ ಹೊಲಿದ ತಗಡು, ಹಳೆಯ ಸೀರೆಯನ್ನು ಸುರುಳಿ ಸುತ್ತಿ ಹೊಲಿದ ದಿಂಬು, ಇವುಗಳಿಂದ ಅರ್ಧ ಕೆಲಸ ಆಯಿತು. ದಿಂಬು ತಾಯಿಯವರ ಕೈಗೆಲಸ.

ಹಾಗೆಂದು ಮನೆಯನ್ನು ಡಬ್ಬಿಯಂತೆ ಮುಚ್ಚುವುದೂ ಸರಿಯಲ್ಲ. ನಮ್ಮವರ ಅಡಿಗೆಯಲ್ಲಿ ಹಬೆ ಹೆಚ್ಚು. ಸಾರು ಕುದಿಯಬೇಕು, ಅನ್ನ ಬೇಯಬೇಕು. ಜೊತೆಗೆ ಒಗೆದ ಬಟ್ಟೆಯನ್ನು ರೇಡಿಯೇಟರಿನ ಮೇಲೆ ಹರವುವ ಅಭ್ಯಾಸ. ಈ ತೇವವೆಲ್ಲ ತಣ್ಣನೆಯ ಗೋಡೆಯ ಮೇಲೆ ಕುಳಿತು ಬೂಷ್ಟು ಹಿಡಿಯುತ್ತದೆ. ಅದು ಉಸಿರಿಗೆ ಕೆಡುಕು. ಅಡಿಗೆಯಾದ ಮೇಲೆ ಹತ್ತು ನಿಮಿಷ ಕಿಟಕಿ ತೆರೆದು ಹಬೆಯನ್ನು ಬೀಳ್ಕೊಡುವುದು ಕಾವಿನ ನಷ್ಟವಲ್ಲ, ಮನೆಯ ಆರೋಗ್ಯ.

ಈ ಹದವನ್ನು ಕಂಡುಕೊಳ್ಳುವಷ್ಟೂ ಅವಕಾಶವಿಲ್ಲದವರು ಆ ಚಳಿಗಾಲದಲ್ಲಿ ಬಹು ಮಂದಿ ಇದ್ದರೆಂಬುದನ್ನು ಹೇಳದಿದ್ದರೆ ಲೇಖನ ಅಪೂರ್ಣವಾದೀತು. ಮೊದಲೇ ಹಣ ತುಂಬಿ ಬಳಸಬೇಕಾದ ಮೀಟರಿನ ಮನೆಗಳಲ್ಲಿ ಹಣ ಮುಗಿದರೆ ಕಾವೂ ಮುಗಿಯಿತು. ಉಣ್ಣುವುದೋ ಬೆಚ್ಚಗಿರುವುದೋ ಎಂಬ ಆಯ್ಕೆ ಅಂಥವರಿಗೆ ನಾಣ್ನುಡಿಯಲ್ಲ, ದಿನದ ಪ್ರಶ್ನೆ. ಬಾಕಿಯಿರುವವರ ಮನೆಯಲ್ಲಿ ಬಲವಂತದಿಂದ ಇಂಥ ಮೀಟರು ಕೂರಿಸುವುದನ್ನು ನಿಲ್ಲಿಸಬೇಕೆಂದು ಆಫ್‌ಜೆಮ್ 2023ರ ಫೆಬ್ರವರಿಯಲ್ಲಿ ಕಂಪನಿಗಳಿಗೆ ಹೇಳಬೇಕಾಯಿತು. ಆ ಚಳಿಗಾಲ ಹಲವು ಊರುಗಳ ಸಾರ್ವಜನಿಕ ಗ್ರಂಥಾಲಯಗಳು, ಇಗರ್ಜಿಗಳು ತಮ್ಮ ಬಾಗಿಲಿನಲ್ಲಿ ಇದು ಬೆಚ್ಚಗಿನ ತಾಣ, ಯಾರೂ ಬರಬಹುದು ಎಂದು ಬರೆದು ಹಾಕಿದವು. ನಾನು ಪತ್ರಿಕೆ ಓದಲು ಹೋಗುತ್ತಿದ್ದ ಗ್ರಂಥಾಲಯದಲ್ಲಿ ರೇಡಿಯೇಟರಿನ ಪಕ್ಕದ ಕುರ್ಚಿಗಳು ಬೆಳಿಗ್ಗೆ ಬಾಗಿಲು ತೆರೆದ ಸ್ವಲ್ಪ ಹೊತ್ತಿನಲ್ಲಿಯೇ ಭರ್ತಿಯಾಗುತ್ತಿದ್ದವು. ಕೆಲವರ ಕೈಯಲ್ಲಿ ಪುಸ್ತಕವಿತ್ತು. ಕೆಲವರಿಗೆ ಪುಸ್ತಕ ನೆಪ. ಗ್ರಂಥಪಾಲಿಕೆ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ.

ಗ್ಯಾಸಿನ ಬಾಯ್ಲರುಗಳ ಕಾಲವೂ ನಿಧಾನವಾಗಿ ಇಳಿಮುಖವಾಗುತ್ತಿದೆ. ಹೊರಗಿನ ತಣ್ಣನೆಯ ಗಾಳಿಯಿಂದಲೇ ಶಾಖವನ್ನು ಹಿಂಡಿ ಒಳಗೆ ತರುವ ಹೀಟ್ ಪಂಪುಗಳಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2023ರ ಅಕ್ಟೋಬರಿನಿಂದ 7,500 ಪೌಂಡಿನ ಸಹಾಯಧನ ಸಿಗತೊಡಗಿತು. ಆ ಪಂಪುಗಳು ಚೆನ್ನಾಗಿ ಕೆಲಸ ಮಾಡುವುದು ಹಿತಮಿತವಾದ ಬಿಸಿನೀರಿನಲ್ಲಿಯೇ. ಆದ್ದರಿಂದ ಇಂದು 55, 60 ಡಿಗ್ರಿಯ ನೀರಿನಲ್ಲಿ ಬೆಚ್ಚಗಿರುವ ಮನೆ ನಾಳೆಯ ಯಂತ್ರಕ್ಕೂ ಸಿದ್ಧವಾಗಿದೆ ಎನ್ನಬಹುದು.

ನಮ್ಮ ಭಾಷೆಯಲ್ಲಿ ಮಿತವ್ಯಯ ಎಂಬ ಶಬ್ದವಿದೆ. ಅದನ್ನು ನಾವು ಎಷ್ಟೋ ವೇಳೆ ಜಿಪುಣತನದ ಮರ್ಯಾದಸ್ಥ ಹೆಸರಾಗಿ ಬಳಸುತ್ತೇವೆ. ಆದರೆ ಮಿತ ಎಂದರೆ ಅಳೆದದ್ದು ಎಂದು ಅರ್ಥ, ಕಡಿಮೆಯಾದದ್ದು ಎಂದಲ್ಲ. ಅಳತೆ ತಿಳಿದು ಮಾಡುವ ವ್ಯಯ ಮಿತವ್ಯಯ. ಮುದುಕಿಯೊಬ್ಬಳು 14 ಡಿಗ್ರಿಯಲ್ಲಿ ಶಾಲು ಹೊದ್ದು ಕುಳಿತು ಉಳಿಸಿದ್ದು ಮಿತವ್ಯಯವಾಗಲಾರದು, ಏಕೆಂದರೆ ಅಲ್ಲಿ ಅಳತೆಯೇ ಇಲ್ಲ, ಪ್ರೀತಿಯಿತ್ತು, ಅಷ್ಟೆ. ಬಾಯ್ಲರಿನ ನೀರನ್ನು ಹದಕ್ಕೆ ತಂದು, ಸಂದುಗಳನ್ನು ಮುಚ್ಚಿ, ಅವಳ ಕೋಣೆಯನ್ನು 20 ಡಿಗ್ರಿಯಲ್ಲಿ ಇಟ್ಟು ಉಳಿಸಿದ್ದು ಆ ಹೆಸರಿಗೆ ತಕ್ಕದ್ದು.

ಮುಂದಿನ ಚಳಿಗಾಲಕ್ಕೆ ಹಿರಿಯರನ್ನು ಆ ಕಡೆಗೆ ಕಳುಹಿಸಿಕೊಡುವ ಮನೆಗಳು ನಮ್ಮಲ್ಲಿ ಅನೇಕ ಇವೆ. ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಸ್ವೆಟರು, ಔಷಧಿಗಳ ಜೊತೆಗೆ ಒಂದು ಸಣ್ಣ ಉಷ್ಣಮಾಪಕವನ್ನೂ ಇಟ್ಟು ಕಳುಹಿಸುವುದು ಒಳ್ಳೆಯದು. ಅಲ್ಲಿಯ ಮಕ್ಕಳು ತಂದೆತಾಯಿಗಳನ್ನು ವಿಮಾನ ನಿಲ್ದಾಣದಿಂದ ಮನೆಗೆ ಕರೆತಂದ ಮೊದಲ ದಿನವೇ ಒಂದು ಮಾತು ಹೇಳಲಿ: "ನಿಮ್ಮ ಕೋಣೆಯ ಕಾವಿನ ಹಣವನ್ನು ಲೆಕ್ಕದಲ್ಲಿ ಮೊದಲೇ ತೆಗೆದಿಟ್ಟಿದ್ದೇವೆ, ಆ ಗುಂಡಿಯನ್ನು ಮಾತ್ರ ಆರಿಸಬೇಡಿ." ಊರಿನಲ್ಲಿ ಉಳಿದ ನಾವು ಫೋನಿನಲ್ಲಿ ಊಟವಾಯಿತೆ ಎಂದು ಕೇಳಿದ ಮೇಲೆ, ಕೋಣೆಯಲ್ಲಿ ಎಷ್ಟು ಡಿಗ್ರಿ ಇದೆ ಎಂದೂ ಕೇಳೋಣ.